ಕಲಬುರಗಿ ಬಿಸಿಲು, ಬಿಳಿ ಧೋತರ ಮತ್ತು ನಡುವಿನ ಬೂದು

ಬ್ಲ್ಯಾಕ್ ಅಂಡ್ ವೈಟ್ ಫಿಲ್ಮ್ ರೋಲ್ ಮನೆಯಲ್ಲೇ ತೊಳೆಯಲು, ಅಂದರೆ ಡೆವಲಪ್ ಮಾಡಲು, ಶುರು ಮಾಡಿದವರು ಮೊದಲು ಕೇಳುವುದೇ ಇದು: ಕಾಂಟ್ರಾಸ್ಟ್ (ಕಪ್ಪು-ಬಿಳಿಯ ಅಂತರ) ಜಾಸ್ತಿ ಆಗಿದೆ, ತೊಳೆಯುವುದನ್ನು ಎಷ್ಟು ನಿಮಿಷ ಕಡಿಮೆ ಮಾಡಲಿ? ನಿಮಿಷದ ಮಾತು ಆಮೇಲೆ. ಮೊದಲು ಟ್ಯಾಂಕ್, ಅಂದರೆ ಫಿಲ್ಮ್ ತೊಳೆಯುವ ಡಬ್ಬಿ, ಅಲ್ಲಾಡಿಸುವುದನ್ನು ಕಡಿಮೆ ಮಾಡಿ.

ನಮ್ಮ ಏಪ್ರಿಲ್ ಬಿಸಿಲು ಗೊತ್ತಲ್ಲ. ಸೂಪರ್ ಮಾರ್ಕೆಟ್ ಕಡೆ ಬಿಳಿ ಧೋತರ, ಬಿಳಿ ರುಮಾಲಿನ ಅಜ್ಜ ಒಬ್ಬರು ನಿಂತಿದ್ದಾರೆ ಅಂದುಕೊಳ್ಳಿ. ಬಟ್ಟೆ ಕಣ್ಣಿಗೆ ಹೊಡೆಯುತ್ತದೆ, ಮುಖ ರುಮಾಲಿನ ನೆರಳಿನಲ್ಲಿದೆ. ಪೂರ್ತಿ ಹೊತ್ತು ತೊಳೆದರೆ ಧೋತರ ಸುಣ್ಣದ ಗೋಡೆ, ಒಂದು ಮಡಿಕೆಯೂ ಕಾಣುವುದಿಲ್ಲ. ಸುಮ್ನೆ ಹೊತ್ತು ಕಡಿಮೆ ಮಾಡಿದರೆ ಧೋತರವೇನೋ ಉಳಿಯುತ್ತದೆ, ಆದರೆ ಮುಖದ ಸುಕ್ಕು, ಕೆನ್ನೆ, ಗಡ್ಡ ಎಲ್ಲ ಒಂದೇ ಬೂದು ಬಣ್ಣಕ್ಕೆ ಬಂದು ಕೂರುತ್ತವೆ. ಆ ಮುಖಕ್ಕಾಗಿಯೇ ಅಲ್ವಾ ಫೋಟೋ ತೆಗೆದದ್ದು?

ತೀರಾ ಕಪ್ಪು ನೆರಳಿನ ಭಾಗಕ್ಕೆ ಬೆಳಕು ಕಡಿಮೆ ಬಿದ್ದಿರುತ್ತದೆ, ಅಲ್ಲಿ ಡೆವಲಪರ್ (ಫಿಲ್ಮಿನಲ್ಲಿ ಚಿತ್ರ ಮೂಡಿಸುವ ದ್ರಾವಣ) ಕೆಲಸ ಬೇಗ ಮುಗಿಯುತ್ತದೆ. ಹೊತ್ತು ಹೆಚ್ಚಿದಂತೆ ನೆಗೆಟಿವ್‌ನಲ್ಲಿ ದಟ್ಟವಾಗುತ್ತಾ ಹೋಗುವುದು ಬೆಳಕಿನ ಭಾಗ, ಅದರ ಹಿಂದೆ ಸ್ವಲ್ಪ ನಿಧಾನಕ್ಕೆ ನಡುವಿನ ಬೂದು. ಹೆಚ್ಚು ಬೆಳಕು ಬಿದ್ದ ಕಡೆ ಡೆವಲಪರ್ ಬೇಗ ಸೋಲುತ್ತದೆ. ಅಲ್ಲಾಡಿಸದೆ ಬಿಟ್ಟರೆ ಅಲ್ಲಿಗೆ ಹೊಸ ಡೆವಲಪರ್ ಬರುವುದಿಲ್ಲ, ಬಿಳಿ ಅಲ್ಲಿಗೇ ನಿಲ್ಲುತ್ತದೆ. ಮುಖದಂಥ ನಡುವಿನ ಬೂದಿನಲ್ಲಿ ಮಾತ್ರ ಕೆಲಸ ನಡೆದೇ ಇರುತ್ತದೆ.

ಹಾಗಾಗಿ ಎಚ್‌ಪಿ5 ಪ್ಲಸ್ ಫಿಲ್ಮನ್ನು ಐಎಸ್‌ಒ (ಫಿಲ್ಮಿನ ವೇಗ) 400 ಬದಲು 200ಕ್ಕೆ ಇಟ್ಟು ತೆಗೆಯುತ್ತೇನೆ, ನೆರಳಿಗೆ ಅಷ್ಟು ಬೆಳಕು ಬೇಕೇ ಬೇಕು. ಐಡಿ-11 ಡೆವಲಪರ್‌ಗೆ ಒಂದಕ್ಕೆ ಒಂದು ನೀರು ಬೆರೆಸಿದರೆ 400ರ ಲೆಕ್ಕಕ್ಕೆ 20 ಡಿಗ್ರಿಯಲ್ಲಿ 13 ನಿಮಿಷ, 24 ಡಿಗ್ರಿಯಲ್ಲಿ ಸುಮಾರು 9. ನಾನು 24ರಲ್ಲಿ 8 ನಿಮಿಷ ಇಟ್ಟು, ಪ್ರತಿ ನಿಮಿಷದ ಬದಲು ಮೂರು ನಿಮಿಷಕ್ಕೊಮ್ಮೆ ಟ್ಯಾಂಕನ್ನು ಮೆಲ್ಲಗೆ ತಿರುವುತ್ತೇನೆ. ಮೊದಲ ಅರ್ಧ ನಿಮಿಷ ಮಾತ್ರ ಚೆನ್ನಾಗಿ ತಿರುವಬೇಕು, ಇಲ್ಲದಿದ್ದರೆ ಕಲೆ ಬೀಳುತ್ತದೆ. ರೋಡಿನಾಲ್ ಅನ್ನುವ ಇನ್ನೊಂದು ಡೆವಲಪರ್‌ನಲ್ಲಿ ಒಂದು ಗಂಟೆ ಮುಟ್ಟದೆ ಬಿಡುವ ಫ್ಯಾಷನ್ ಇದೆಯಲ್ಲ, ಅದು ನನಗೆ ಹಿಡಿಸಿಲ್ಲ. ಫಿಲ್ಮಿನ ತೂತುಗಳ ಪಕ್ಕ ಗೆರೆ ಬರುತ್ತದೆ, ನಡುವಿನ ಬೂದೂ ಸಪ್ಪೆ.

ನೀರಿನ ವಿಷಯ: ಮೇ ತಿಂಗಳಲ್ಲಿ ಮನೆ ಮೇಲಿನ ನೀರಿನ ಟ್ಯಾಂಕ್ ಸುಡುತ್ತಿರುತ್ತದೆ. ಬಕೆಟ್‌ಗೆ ಐಸ್ ಹಾಕಿ ಡೆವಲಪರ್, ಫಿಕ್ಸರ್ (ಮೂಡಿದ ಚಿತ್ರವನ್ನು ಗಟ್ಟಿ ನಿಲ್ಲಿಸುವ ದ್ರಾವಣ), ತೊಳೆಯುವ ನೀರು ಎಲ್ಲವನ್ನೂ 24ರ ಹತ್ತಿರ ತನ್ನಿ. ಡೆವಲಪರ್ ಒಂದನ್ನೇ ತಣಿಸಿದರೆ ಸಾಲದು.

ಬೆಳಕು ಅಳೆಯಲು ನನಗೆ ಮನೆ ಮುಂದಿನ ಶಹಾಬಾದ್ ಕಲ್ಲು ಸಾಕು. ಲೈಟ್ ಮೀಟರ್ ಲೆಕ್ಕ ಹಾಕುವುದೇ ನಡುವಿನ ಬೂದಿಗೆ, ಈ ಕಲ್ಲು ಒಣಗಿದ್ದಾಗ ಒಳ್ಳೆ ಬೂದು. ಒದ್ದೆ ಇದ್ದರೆ ನಂಬಬೇಡಿ, ಕಪ್ಪಾಗುತ್ತದೆ.

ಇದೇ ಲೆಕ್ಕ ಕೋಟೆಯೊಳಗಿನ ಜಾಮಿ ಮಸೀದಿಗೆ ಹಾಕಬೇಡಿ. 1367ರ ಆ ಕಟ್ಟಡಕ್ಕೆ ತೆರೆದ ಅಂಗಳವೇ ಇಲ್ಲ, ಪೂರ್ತಿ ಮೇಲ್ಛಾವಣಿ. ಒಳಗೆ ಕಮಾನಿನ ಹಿಂದೆ ಕಮಾನು, ಎಲ್ಲ ಬೂದಿನ ಮೇಲೆ ಬೂದು. ಅಲ್ಲಿ ಪ್ರತಿ ನಿಮಿಷವೂ ತಿರುವಿ, ಬೇಕಾದರೆ ಒಂದು ನಿಮಿಷ ಜಾಸ್ತಿಯೇ ಕೊಡಿ. ಒಂದೇ ರೋಲಿನಲ್ಲಿ ಬಿಸಿಲೂ ಮಸೀದಿಯೂ ಇದ್ದರೆ ನಾನು ಬಿಸಿಲಿನ ಲೆಕ್ಕಕ್ಕೇ ತೊಳೆಯುತ್ತೇನೆ. ಮಸೀದಿಯ ಫೋಟೋಗೆ ಪ್ರಿಂಟ್ ಮಾಡುವಾಗ ಕಾಂಟ್ರಾಸ್ಟ್ ಹೆಚ್ಚಿಸುವ ಗ್ರೇಡ್ 3 ಪೇಪರ್ ಹಾಕಿದರೆ ಆಯಿತು.