‘ಶಾರ್ಕ್ ಮನುಷ್ಯರನ್ನು ತಿನ್ನುತ್ತಲ್ವಾ?’ ಅಂತ ಕೇಳುವವರಿಗೆ

ತೀರ್ಥಹಳ್ಳಿಯಲ್ಲಿ ಪ್ರಾಣಿಶಾಸ್ತ್ರ ಪಾಠ ಮಾಡುವ ನನಗೆ ಶಾರ್ಕ್ ಅಂದರೆ ಪ್ರಾಣ. ಇದು ಗೊತ್ತಾದವರೆಲ್ಲ ಕೇಳುವುದು ಒಂದೇ ಪ್ರಶ್ನೆ: “ಮೇಡಂ, ಅದು ಮನುಷ್ಯರನ್ನು ತಿನ್ನುತ್ತಲ್ವಾ?” ಮದುವೆ ಮನೆಯ ಪಂಕ್ತಿಯಲ್ಲಿ ಕೇಳುತ್ತಾರೆ, ಬಸ್ಸಿನಲ್ಲಿ ಕೇಳುತ್ತಾರೆ, ಅಡಿಕೆ ಸುಲಿಯುತ್ತಾ ಕೇಳುತ್ತಾರೆ. ಹೇಳಿ ಹೇಳಿ ಸಾಕಾಗಿದೆ. ಇನ್ನು ಬರೆದೇ ಇಡುತ್ತೇನೆ.

ನಮ್ಮನ್ನು ಹುಡುಕಿಕೊಂಡು ಬಂದು ತಿನ್ನುವುದಿಲ್ಲ. 500ಕ್ಕೂ ಜಾಸ್ತಿ ಜಾತಿಯ ಶಾರ್ಕ್‌ಗಳಿವೆ. ಜೀವಕ್ಕೆ ಅಪಾಯ ಮಾಡಿರುವುದು ಬೆರಳೆಣಿಕೆಯ ಜಾತಿಗಳು. ಇಡೀ ಪ್ರಪಂಚದಲ್ಲಿ ಶಾರ್ಕ್ ಕಚ್ಚಿ ಸಾಯುವವರ ಲೆಕ್ಕ ವರ್ಷಕ್ಕೆ ಹತ್ತು ಹನ್ನೆರಡು ದಾಟುವುದೇ ಅಪರೂಪ. ನಮ್ಮ ಜಿಲ್ಲೆಯವರೇ ಹೀಗೆ ಕೇಳಿದರೆ ನನಗೆ ಸಿಟ್ಟು ಬರುತ್ತದೆ. 1957ರಲ್ಲಿ ಮಂಗನ ಕಾಯಿಲೆ ಮೊದಲು ಪತ್ತೆಯಾಗಿದ್ದು ಇಲ್ಲೇ, ಸೊರಬದ ಕ್ಯಾಸನೂರು ಕಾಡಿನಲ್ಲಿ. ಅದನ್ನು ಹರಡುವುದು ಉಣುಗು. ದರಗು ಗುಡಿಸಲು ಹೋದವರ ಮೈಗೇ ಅದು ಹತ್ತುತ್ತದೆ. ಹೆದರುವುದಿದ್ದರೆ ಅದಕ್ಕೆ ಹೆದರಿ.

ಮೂರು ವರ್ಷದ ಹಿಂದೆ ಒಂದು ಭಾನುವಾರ, ಆಗುಂಬೆ ಘಾಟಿ ಹತ್ತಿ ಬಂದ ಮೀನಿನ ಗಾಡಿಯಿಂದ ಅಮ್ಮ ತಾಟೆ ತಂದಳು. ಕರಾವಳಿಯವರ ಬಾಯಲ್ಲಿ ಶಾರ್ಕ್ ಅಂದರೆ ತಾಟೆ. ಒಂದು ಮೊಳದಷ್ಟು ಉದ್ದ, ಸನಿಕೆಯ ಹಾಗೆ ಚಪ್ಪಟೆ ಮೂತಿ. ನಮ್ಮ ಪಶ್ಚಿಮ ತೀರದಲ್ಲಿ ಧಾರಾಳವಾಗಿ ಸಿಗುವ ಜಾತಿ. ಬಾಲದಿಂದ ತಲೆಯ ಕಡೆಗೆ ಕೈಯಾಡಿಸಿದರೆ ಉಪ್ಪುಕಾಗದದ ಹಾಗೆ ತರಿತರಿ. ಬೇರೆ ಮೀನಿನ ಹುರುಪೆ ಅಲ್ಲ ಅದು. ಮೈತುಂಬಾ ಪುಟ್ಟ ಪುಟ್ಟ ಹಲ್ಲು. ರಚನೆಯೂ ಹಲ್ಲಿನದ್ದೇ.

ಅಂಗಳದಲ್ಲಿ ಕೂತು ಅಮ್ಮ ಮೆಟ್ಟುಗತ್ತಿಯಲ್ಲಿ ಅದರ ಹೊಟ್ಟೆ ಸೀಳಿದಳು. ಒಳಗೆ ಎಂಟು ಮರಿ. ಒಂದೊಂದೂ ಬೆರಳುದ್ದ. ಕಣ್ಣು, ರೆಕ್ಕೆ, ಬಾಲ, ಎಲ್ಲಾ ಮೂಡಿತ್ತು. ಪ್ರತಿ ಮರಿಯ ಎದೆಯಿಂದ ಒಂದು ದಾರ ಹೊರಟಿತ್ತು. ದಾರದ ತುಂಬಾ ಬೇರಿನ ರೋಮದ ಹಾಗೆ ಸಣ್ಣ ಎಳೆಗಳು. ನಾನು ಒಂದನ್ನು ಅಂಗೈ ಮೇಲೆ ಇಟ್ಟುಕೊಂಡಿದ್ದೆ.

ಅಷ್ಟರಲ್ಲಿ ಕರಿಬೇವು ಕೇಳಲು ಬಂದ ಪಕ್ಕದ ಮನೆಯ ಚಿಕ್ಕಮ್ಮ, “ಅಯ್ಯಯ್ಯೋ, ಇದು ಮನುಷ್ಯರನ್ನ ತಿನ್ನೋದಲ್ವನೇ?” ಅಂದರು. “ಇದರ ಬಾಯಿಗೆ ನಿಮ್ಮ ಕಿರುಬೆರಳೂ ಹಿಡಿಯಲ್ಲ ಚಿಕ್ಕಮ್ಮ” ಅಂತ ಗದರಿಯೇ ಬಿಟ್ಟೆ. ಹದಿನೈದು ದಿನ ಅವರು ಮಾತಾಡಲಿಲ್ಲ. ಗದರಿದ್ದಕ್ಕೆ ಬೇಜಾರಿದೆ. ಆದರೆ ಹುಟ್ಟದ ಮರಿಯನ್ನು ನೋಡಿಯೂ ಅದೇ ಪ್ರಶ್ನೆ ಬಂತಲ್ಲ, ಆ ಬೇಜಾರು ಇನ್ನೂ ಜಾಸ್ತಿ.

ಅಮ್ಮನ ಕಿವಿಗೆ ಇದ್ಯಾವುದೂ ಬಿದ್ದಿರಲಿಲ್ಲ. ಆ ದಾರವನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದಿದ್ದಳು. “ಇದು ಹೊಕ್ಕುಳ ಬಳ್ಳಿ ಅಲ್ವೇನೇ? ಮೀನಿಗೆ ಎಂತಕ್ಕೆ ಹೊಕ್ಕುಳು?”

ಇಷ್ಟು ವರ್ಷ ನಾನು ಕಾದಿದ್ದು ಈ ಪ್ರಶ್ನೆಗೆ. ಕೆಲವು ಶಾರ್ಕ್ ಮೊಟ್ಟೆ ಇಡುತ್ತವೆ. ಕೆಲವು ಜಾತಿಯ ಮರಿಗಳು ತಾಯ ಹೊಟ್ಟೆಯೊಳಗೇ ಇದ್ದರೂ ಮೊಟ್ಟೆಯ ಭಂಡಾರ, ಅಂದರೆ ಒಳಗಿನ ಹಳದಿ, ತಿಂದೇ ಬೆಳೆಯುತ್ತವೆ. ಈ ಜಾತಿಯ ಮೊಟ್ಟೆಯಲ್ಲಿ ಭಂಡಾರವೇ ಇಲ್ಲ ಅನ್ನಬಹುದು. ಗಾತ್ರ ಸುಮಾರು 1 ಮಿಲಿಮೀಟರ್, ಸಾಸಿವೆ ಕಾಳಿನಷ್ಟು. ಅದರಿಂದ ಬೆರಳುದ್ದದ ಮರಿ ಆಗಬೇಕಾದರೆ ತಾಯಿಯೇ ಉಣಿಸಬೇಕು. ಅದಕ್ಕೇ ಬಳ್ಳಿ, ಅದಕ್ಕೇ ಮಾಸು. ದನ ಕರು ಹಾಕಿದ ಮೇಲೆ ಮಾಸು ಬೀಳುವವರೆಗೆ ಕೊಟ್ಟಿಗೆ ಬಿಟ್ಟು ಏಳದ ಅಮ್ಮನಿಗೆ ಇದನ್ನು ಬಿಡಿಸಿ ಹೇಳಬೇಕಾಗಲಿಲ್ಲ.

“ಹಂಗಾದ್ರೆ ಇದಕ್ಯಾಕೆ ಉಚ್ಚೆ ವಾಸನೆ?” ಅಂದಳು. ಅದೂ ಒಳ್ಳೆ ಪ್ರಶ್ನೆಯೇ. ಸಮುದ್ರದ ಉಪ್ಪು ಮೈಯ ನೀರನ್ನು ಎಳೆದುಕೊಳ್ಳದಿರಲಿ ಅಂತ ಶಾರ್ಕ್ ರಕ್ತದಲ್ಲಿ, ಮಾಂಸದಲ್ಲಿ ಯೂರಿಯಾ ಉಳಿಸಿಕೊಳ್ಳುತ್ತದೆ. ಸತ್ತ ಮೇಲೆ ಅದೇ ಅಮೋನಿಯಾ ಆಗುತ್ತದೆ. ಮೀನು ಹಳೆಯದಾದಷ್ಟೂ ವಾಸನೆ ಜಾಸ್ತಿ.

ಬಂಗುಡೆ ಸಾವಿರಗಟ್ಟಲೆ ಮೊಟ್ಟೆ ಬಿಡುತ್ತದೆ. ಈ ಜಾತಿಯ ತಾಟೆಗೆ ಒಂದು ಸಲಕ್ಕೆ ಹೆಚ್ಚೆಂದರೆ ಇಪ್ಪತ್ತು ಮರಿ. ಇದನ್ನು ಕೇಳಿ ಅಮ್ಮ ಸುಮ್ಮನೆ ಕೂತಳು. ಆ ದಿನ ಸಾರು ಮಾಡಲಿಲ್ಲ.

ಈಗ ಗಾಡಿಯಲ್ಲಿ ಸಣ್ಣ ತಾಟೆ ಕಂಡರೆ ಅಮ್ಮ ಅದನ್ನು ಅಂಗಾತ ಮಾಡಿ, ಎದೆಯ ಎರಡು ರೆಕ್ಕೆಗಳ ನಡುವೆ ನೋಡುತ್ತಾಳೆ. ಹೊಸದಾಗಿ ಹುಟ್ಟಿದ ಮರಿಗೆ ಅಲ್ಲೊಂದು ಗಾಯದ ಗೆರೆ ಇರುತ್ತದೆ. ಕಂಡರೆ ವಾಪಸ್ ಇಟ್ಟು ಬಂಗುಡೆ ತರುತ್ತಾಳೆ. ಮೊನ್ನೆ ಗಾಡಿಯ ಹುಡುಗ ಕೇಳಿದ, “ಎಂತ ನೋಡ್ತೀರಿ ಅಮ್ಮ?”

“ಹೊಕ್ಕುಳು ಮಾಯ್ದಿದೆಯಾ ಅಂತ ಕಣೋ.”

ಅವನೂ ಬಗ್ಗಿ ನೋಡಿದ.