ಒಂದು ಮೊಳ ಮಲ್ಲಿಗೆ

"ಫೋಟೋದಲ್ಲಿ ಘಮ ಬರುತ್ತಾ ಮಗಾ?"

ಶನಿವಾರದಿಂದ ಆ ಅಜ್ಜಿಯ ಮಾತು ನನ್ನ ಕಿವಿ ಬಿಟ್ಟು ಹೋಗಿಲ್ಲ.

ಚಿಕ್ಕಮ್ಮನ ಮಗಳು ಬೆಂಗಳೂರಿನಿಂದ ಎರಡು ದಿನಕ್ಕೆ ಬಂದಿದ್ದಳು. "ಅಕ್ಕಾ, ನೀನು ತಿನ್ನೋದನ್ನೇ ತಿನ್ನಿಸು, ನೀನು ಓಡಾಡೋ ಕಡೆನೇ ಕರ್ಕೊಂಡು ಹೋಗು" ಅಂದಳು. ಮೈಸೂರಿನವರಿಗೆ ಇದಕ್ಕಿಂತ ಖುಷಿಯ ಕೆಲಸ ಇದೆಯಾ? ಬೆಳಗ್ಗೆ ಬಿಸಿಲೇರುವ ಮುಂಚೆ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತಿ ಇಳಿದೆವು. ನಜರ್‌ಬಾದಿನಲ್ಲಿ ಮೈಲಾರಿ ದೋಸೆ, ಮೇಲೆ ಕರಗುತ್ತಿರುವ ಬೆಣ್ಣೆ. ಒಂದೊಂದು ಕಾಫಿ. ಆಮೇಲೆ ದೇವರಾಜ ಮಾರ್ಕೆಟ್.

ಅಲ್ಲಿ ಕಣ್ಣು ಮುಚ್ಚಿ ನಡೆದರೂ ಎಲ್ಲಿದ್ದೀನಿ ಅಂತ ನನಗೆ ಗೊತ್ತಾಗುತ್ತದೆ. ಬಾಳೆಹಣ್ಣು, ವೀಳ್ಯದೆಲೆ, ಅರಿಶಿನ, ಆಮೇಲೆ ಹೂವು. ಅಜ್ಜಿ ಮಲ್ಲಿಗೆ ಅಳೆಯುತ್ತಿದ್ದರು. ಮೊಣಕೈಯಿಂದ ಬೆರಳ ತುದಿಯವರೆಗೆ ಮಾಲೆ ಎಳೆದು, ಇನ್ನೂ ನಾಲ್ಕು ಬೆರಳು ಕೊಸರು ಬಿಟ್ಟು, ದಾರ ಪಟ್ಟನೆ ಹರಿಯುತ್ತಿದ್ದರು. ತಂಗಿ ಮೊಬೈಲ್ ತೆಗೆದಳು. "ಅಜ್ಜಿ, ಇನ್ನೊಂದ್ಸಲ ಹಾಗೇ ಕೈ ಹಿಡೀರಿ." ಹಿಡಿದರು. ಒಂದೇ ಮಾಲೆಯನ್ನು ಮೂರು ಸಲ ಅಳೆದರು. ಮೊಬೈಲ್ ಬ್ಯಾಗಿಗೆ ಹೋಯಿತು, ಇವಳು ಹೊರಟಳು.

"ಹೂ ಬೇಡ್ವಾ?"

"ಬೇಡ ಅಜ್ಜಿ, ಫೋಟೋ ಸಿಕ್ತಲ್ಲ."

ಆಗ ಕೇಳಿದ್ದು ಆ ಮಾತು. ಸಿಟ್ಟಿರಲಿಲ್ಲ. ನಿಜವಾಗಲೂ ತಿಳಿದುಕೊಳ್ಳಬೇಕು ಅನ್ನುವ ಹಾಗೆ ಕೇಳಿದರು. ತಂಗಿ ನಕ್ಕಳು. ನನಗೆ ನಗು ಬರಲಿಲ್ಲ. ಎರಡು ಮೊಳ ತಗೊಂಡೆ. ಅದಕ್ಕೂ ಕೊಸರು ಬಿಟ್ಟೇ ಹರಿದರು.

ತಂಗಿ ಕೆಟ್ಟವಳಲ್ಲ, ಕೈ ಬಿಗಿಯೂ ಇಲ್ಲ. ಆದರೆ ಊರು ನೋಡೋದು ಅಂದರೆ ನೋಡಿ ಹೋಗೋದು ಅಂತ ನಾವೆಲ್ಲ ಯಾವಾಗ ಅಂದುಕೊಂಡೆವೋ! ಶತಮಾನ ದಾಟಿದ ಮಾರ್ಕೆಟ್ ಇದು. 2016ರಲ್ಲಿ ಉತ್ತರದ ಕಡೆಯ ಒಂದು ಭಾಗ ಕುಸಿದು ಬಿದ್ದಾಗಿನಿಂದ ಕೆಡವಬೇಕೋ ಉಳಿಸಬೇಕೋ ಅನ್ನುವ ಜಗ್ಗಾಟ. ಉಳಿಯಲೇಬೇಕು ಅನ್ನುವವಳು ನಾನು. ಆದರೆ ಕಟ್ಟಡ ಉಳಿದು, ಒಳಗೆ ಅಳೆಯುವ ಕೈಯೇ ಇಲ್ಲದಿದ್ದರೆ? ಉಳಿಸಿ ಅನ್ನುವ ನಮ್ಮ ಮನೆಗಳಿಗೇ ಈಗ ನಿಂಬೆಹಣ್ಣೂ ಆ್ಯಪ್‌ನಲ್ಲಿ ಬರುತ್ತದೆ. ನಾನೂ ತರಿಸಿದ್ದೇನೆ. ಅದು ಚುಚ್ಚುತ್ತಿದೆ.

ರಾತ್ರಿ ಬಾಳೆಎಲೆ ಬಿಚ್ಚಿದಾಗ ಮೊಗ್ಗೆಲ್ಲ ಅರಳಿತ್ತು. ಅಡುಗೆಮನೆ ತುಂಬ ಘಮ. ತಂಗಿ ಸುಮ್ನೆ ಒಂದು ತುಂಡು ಮುಡಿದುಕೊಂಡಳು. ಅಜ್ಜಿಯ ವಿಷಯ ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಭಾನುವಾರ ಏಳು ಗಂಟೆಗೆ ಅರಮನೆಯ ಸುಮಾರು ಒಂದು ಲಕ್ಷ ಬಲ್ಬು ಒಟ್ಟಿಗೆ ಹೊತ್ತಿದವು. ಮೈ ಜುಮ್ಮೆಂದಿತು, ಪ್ರತಿ ಸಲದ ಹಾಗೆ. ಸುತ್ತ ಎಲ್ಲರ ಕೈ ಮೇಲೆ, ಕೈಯಲ್ಲಿ ಮೊಬೈಲ್. ನನ್ನ ಕಣ್ಣ ಮುಂದೆ ಮಾತ್ರ ಆ ಅಜ್ಜಿಯ ಚಾಚಿದ ಕೈ.

ಮೂರು ಸಲ ಅಳೆದರಲ್ಲ, ಆ ಮಾಲೆಯನ್ನೇ ಪೂರ್ತಿ ತಗೊಂಡುಬಿಡಬೇಕಿತ್ತು.