ಅಕ್ಕ ಹೀಲರ್, ನಾನು ಟ್ಯಾಂಕ್

ಫೈನಲ್ ಫ್ಯಾಂಟಸಿ 14 ಅನ್ನೋ ಆನ್‌ಲೈನ್ ಗೇಮ್ ಆಡೋರಿಗೆಲ್ಲ ಗೊತ್ತಿರೋ ವಿಷ್ಯ ಇದು, ಡಂಜನ್‌ಗೆ, ಅಂದ್ರೆ ಗುಂಪಾಗಿ ಹೋಗಿ ಶತ್ರುಗಳನ್ನ ಹೊಡೆಯೋ ಜಾಗಕ್ಕೆ, ಕ್ಯೂ ಹಾಕಿದ್ರೆ ಡಿಪಿಎಸ್ ಆಡೋರು ಕಾಯ್ತಾ ಕೂತಿರ್ಬೇಕು, ಟ್ಯಾಂಕ್ ಆಡೋರಿಗೆ ಬಟನ್ ಒತ್ತಿದ ತಕ್ಷಣ ಪಾರ್ಟಿ ಸಿಗತ್ತೆ. ನಾಲ್ಕ್ ಜನದ ಪಾರ್ಟಿ, ಮುಂದೆ ನಿಂತು ಏಟು ತಡೆಯೋಕೆ ಒಬ್ರು ಟ್ಯಾಂಕ್, ಗಾಯ ವಾಸಿ ಮಾಡೋಕೆ ಒಬ್ರು ಹೀಲರ್, ಹೊಡೆಯೋಕೆ ಇಬ್ರು ಡಿಪಿಎಸ್. ಹೊಡೆಯೋಕೆ ಎಲ್ರೂ ಬರ್ತಾರೆ, ಮುಂದೆ ನಿಲ್ಲೋಕೆ ಜನ ಸಾಲಲ್ಲ, ಯಾವ ರೋಲ್ ಕಮ್ಮಿ ಬಿದ್ದಿದೆಯೋ ಆ ರೋಲ್‌ಗೆ ಗೇಮೇ ಎಕ್ಸ್‌ಟ್ರಾ ಬಹುಮಾನ ಇಡತ್ತೆ, ನಾನ್ ನೋಡ್ದಾಗ ಅಲ್ಲಿ ಟ್ಯಾಂಕ್ ಗುರುತೇ ಜಾಸ್ತಿ ಇರ್ತಿತ್ತು.

ನಾನು ಆಡ್ತಿದ್ದಿದ್ದು ಆರ್ಚರ್. ದೂರ ನಿಂತು ಬಾಣ ಬಿಡೋದು, ನೆಲದ ಮೇಲೆ ಕಿತ್ತಳೆ ಬಣ್ಣದ ಗುರುತು ಬಂದ್ರೆ ಪಕ್ಕಕ್ಕೆ ಸರಿಯೋದು, ಅಷ್ಟೇ. ಮೈಸೂರಲ್ಲಿ ಮನೇಲಿ ಹಳೇ ಲ್ಯಾಪ್‌ಟಾಪ್, ಅದ್ರಲ್ಲಿ ಫ್ರೀ ಟ್ರಯಲ್. ಈ ಗೇಮಿನ ಫ್ರೀ ಟ್ರಯಲ್ ಬಗ್ಗೆ ಗೊತ್ತಿಲ್ದೋರಿಗೆ ಹೇಳ್ತೀನಿ, 2023ರ ಅಕ್ಟೋಬರ್‌ನಿಂದ ಲೆವೆಲ್ 70ರವರೆಗೂ ದುಡ್ಡಿಲ್ದೆ ಆಡಬಹುದು, ಆಮೇಲೆ ಸೇರಿಸಿದ ದೊಡ್ಡ ಭಾಗಗಳು, ಅಂದ್ರೆ ಎಕ್ಸ್‌ಪಾನ್ಷನ್, ಅವೂ ಎರಡು ಸೇರಿಸಿ, ಎಷ್ಟ್ ದಿನ ಬೇಕಾದ್ರೂ. ಆದ್ರೆ ಕಟ್ಟುಪಾಡುಗಳಿವೆ, ನಾವೇ ಪಾರ್ಟಿ ಕಟ್ಟೋ ಹಾಗಿಲ್ಲ, ಯಾರಿಗೂ ಪ್ರೈವೇಟ್ ಮೆಸೇಜ್ ಕಳ್ಸೋ ಹಾಗಿಲ್ಲ, ಮಾರ್ಕೆಟ್‌ನಲ್ಲಿ ಏನೂ ಕೊಳ್ಳೋ ಹಾಗಿಲ್ಲ. ದುಡ್ಡು ಕಟ್ಟಿರೋರು ಯಾರಾದ್ರೂ ಕರೆದ್ರೆ ಮಾತ್ರ ಅವರ ಪಾರ್ಟಿಗೆ ಸೇರಬಹುದು. ನನ್ನ ಕರೆಯೋಳು ನನ್ ದೊಡ್ಡಮ್ಮನ ಮಗಳು, ಸಿಂಗಾಪುರದಲ್ಲಿದ್ದಾಳೆ, ವೈಟ್ ಮೇಜ್ ಆಡ್ತಾಳೆ, ಅಂದ್ರೆ ಹೀಲರ್. ಅಲ್ಲಿನ ಟೈಮ್ ನಮಗಿಂತ ಎರಡೂವರೆ ಗಂಟೆ ಮುಂದೆ, ಅದಕ್ಕೇ ನಮ್ಮ ಆಟ ಏನಿದ್ರೂ ನಮ್ಮ ಸಂಜೆ ಹೊತ್ತು, ಅವಳ ಊಟ ಆದ್ಮೇಲೆ. ಇಬ್ರೂ ಜಪಾನಿನ ಡೇಟಾ ಸೆಂಟರ್‌ನಲ್ಲಿ ಟಾನ್‌ಬೆರಿ ಅನ್ನೋ ವರ್ಲ್ಡ್‌ನಲ್ಲಿ, ಅಂದ್ರೆ ಸರ್ವರ್‌ನಲ್ಲಿದೀವಿ, ಅಲ್ಲಿ ನಮ್ಮಂಗೆ ಏಷ್ಯಾದ ಬೇರೆ ಬೇರೆ ಕಡೆಯಿಂದ ಬಂದು ಇಂಗ್ಲಿಷ್ ಮಾತಾಡೋರು ಬಹಳ.

ಟ್ಯಾಂಕ್ ಕಲಿ ಅಂತ ಹೇಳಿದ್ದೂ ಅಕ್ಕನೇ. "ಹಿಂದ್ಗಡೆ ನಿಂತು ಬಾಣ ಬಿಟ್ಟಿದ್ ಸಾಕು ಕಣೇ, ಒಂದ್ಸಲ ಮುಂದೆ ಬಂದು ನಿಂತ್ಕೋ, ನಾನ್ ಹಿಂದೆ ಇದೀನಲ್ಲ" ಅಂದ್ಲು. ಈ ಗೇಮ್‌ನಲ್ಲಿ ಒಂದೇ ಕ್ಯಾರೆಕ್ಟರ್ ಎಲ್ಲಾ ಜಾಬ್ ಕಲಿಬಹುದು, ಹೊಸದಾಗಿ ಶುರು ಮಾಡೋದೇನಿಲ್ಲ. ಲಿಮ್ಸಾ ಲೊಮಿನ್ಸಾ ಅಂತ ಸಮುದ್ರದ ಮಧ್ಯೆ ಬಿಳೀ ಕಲ್ಲಿನ ಊರು, ಅಲ್ಲಿಗೆ ಹೋಗಿ ಮರಾಡರ್ ಗಿಲ್ಡ್‌ಗೆ ಸೇರಿ ಕೊಡಲಿ ತಗೊಂಡೆ, ಲೆವೆಲ್ 30ಕ್ಕೆ ಅದು ವಾರಿಯರ್ ಆಯ್ತು. ಹಾಲ್ ಆಫ್ ದ ನಾವಿಸ್ ಅಂತ ಒಂದು ತರಬೇತಿ ಜಾಗ ಇದೆ, ಟ್ಯಾಂಕ್ ಆದೋರು ಶತ್ರುಗಳನ್ನ ತಮ್ಮ ಕಡೆ ಹೇಗ್ ಎಳೀಬೇಕು, ಎರಡ್ಮೂರು ಶತ್ರುಗಳನ್ನ ಹೇಗ್ ಹಿಡ್ಕೋಬೇಕು ಅಂತ ಒಂದೊಂದಾಗಿ ಮಾಡಿಸ್ತಾರೆ. ಅದಾದ್ಮೇಲೆ ಡ್ಯೂಟಿ ಸಪೋರ್ಟ್, 2022ರಲ್ಲಿ ಹಳೇ ಕಥೆಯ ಡಂಜನ್‌ಗಳಿಗೂ ಬಂತು ಇದು, ಜೊತೆಗೆ ಮನುಷ್ಯರ ಬದಲು ಕಂಪ್ಯೂಟರ್ ಪಾತ್ರಗಳು ಬರ್ತಾರೆ, ಅವರಿಗೆ ಅವಸರ ಇಲ್ಲ, ಬೇಜಾರು ಇಲ್ಲ, ನಾನು ನಿಂತ್ರೆ ನಿಲ್ತಾರೆ. ಹೊಸದಾಗಿ ಟ್ಯಾಂಕ್ ಕಲಿಯೋರಿಗೆ ಇದಕ್ಕಿಂತ ಒಳ್ಳೇ ವ್ಯವಸ್ಥೆ ನಾನ್ ನೋಡಿಲ್ಲ, ಯಾರಾದ್ರೂ ಕೇಳಿದ್ರೆ ಮೊದ್ಲು ಅದನ್ನೇ ಹೇಳ್ತೀನಿ.

ಟ್ಯಾಂಕ್ ಅಂದ್ರೆ ಏಟು ತಿನ್ನೋದು ಅಂತ ಹೊರಗಿಂದ ನೋಡೋರ ಲೆಕ್ಕ. ಒಳಗೆ ಹೋದ್ಮೇಲೆ ಅದು ಬೇರೆನೇ. ಪ್ರತಿ ಶತ್ರು ಹತ್ರಾನೂ ಒಂದು ದ್ವೇಷದ ಲೆಕ್ಕ ಇರತ್ತೆ, ಯಾರು ಹೊಡೀತಾರೆ, ಯಾರು ಹೀಲ್ ಮಾಡ್ತಾರೆ ಅಂತ ಎಲ್ಲಾ ಬರ್ಕೋತಾ ಇರತ್ತೆ, ಯಾರ ಹೆಸರು ಮೇಲಿದೆಯೋ ಅವರ ಮೇಲೆ ಬೀಳತ್ತೆ. ವಾರಿಯರ್‌ಗೆ ಡಿಫೈಯನ್ಸ್ ಅನ್ನೋ ಸ್ಟಾನ್ಸ್ ಇದೆ, ಅದು ಆನ್ ಇದ್ರೆ ನಾನ್ ಹೊಡೆಯೋ ಪ್ರತಿ ಏಟಿಗೂ ದ್ವೇಷ ಬಹಳ ಪಟ್ಟು ಜಾಸ್ತಿ. ಮುಂಚೆ ಸ್ಟಾನ್ಸ್ ಹಾಕಿದ್ರೆ ನಮ್ ಡ್ಯಾಮೇಜ್ ಕಮ್ಮಿ ಆಗ್ತಿತ್ತಂತೆ, ಹಳಬರು ಅದನ್ನ ಹಾಕೋದು ತೆಗೆಯೋದು ಮಾಡ್ತಾ ಇದ್ರಂತೆ, 2019ರಲ್ಲಿ ಶ್ಯಾಡೋಬ್ರಿಂಗರ್ಸ್ ಅನ್ನೋ ಎಕ್ಸ್‌ಪಾನ್ಷನ್ ಬಂದಾಗ ಆ ಕಷ್ಟ ತೆಗೆದ್ರು. ಸ್ಕ್ರೀನ್ ಪಕ್ಕ ಶತ್ರುಗಳ ಪಟ್ಟಿ ಇರತ್ತೆ, ಹೆಸರಿನ ಪಕ್ಕ ಕೆಂಪು ಗುರುತಿದ್ರೆ ಅದು ನನ್ ಮೇಲಿದೆ, ಹಳದಿನೋ ಹಸಿರೋ ಇದ್ರೆ ಬೇರೆ ಯಾರದೋ ಹಿಂದೆ ಬಿದ್ದಿದೆ. ಆರ್ಚರ್ ಆಗಿ ಅಷ್ಟ್ ದಿನ ಆಡಿದ್ರೂ ಆ ಪಟ್ಟಿ ಕಡೆ ಕಣ್ಣು ಹಾಯಿಸೋ ಅಗತ್ಯಾನೇ ಬಂದಿರ್ಲಿಲ್ಲ, ಟ್ಯಾಂಕ್ ಆದ ಮೇಲೆ ಅರ್ಧ ಗಮನ ಅಲ್ಲೇ.

ಆ ಶನಿವಾರ ಸ್ಟೋನ್ ವಿಜಿಲ್‌ಗೆ ಹೋಗೋಣ ಅಂತ ಅಕ್ಕ ಹೇಳಿದ್ಲು. ಲೆವೆಲ್ 41ರ ಡಂಜನ್, ಕೋರ್ಥಸ್ ಅನ್ನೋ ಹಿಮದ ನಾಡಲ್ಲಿ ಇಷ್ಗಾರ್ಡ್‌ನವರು ಕಟ್ಟಿದ ಕೋಟೆ, ಅದನ್ನ ಡ್ರ್ಯಾಗನ್‌ಗಳು ಹಿಡ್ಕೊಂಡು ಕೂತಿವೆ. ಹೊರಗಡೆ ನಮ್ಮಲ್ಲಿ ಮಳೆ, ಒಳಗೆ ಸ್ಕ್ರೀನಲ್ಲಿ ಹಿಮ. ಇಬ್ರೂ ಕ್ಯೂ ಹಾಕಿದ್ವಿ, ತಕ್ಷಣ ಆಯ್ತು, ಜೊತೆಗೆ ಬಂದಿದ್ದು ಈಟಿ ಹಿಡಿಯೋ ಡ್ರಗೂನ್ ಒಬ್ರು, ಮಂತ್ರ ಹಾಕೋ ಬ್ಲ್ಯಾಕ್ ಮೇಜ್ ಒಬ್ರು, ಇಬ್ರೂ ಜಪಾನಿನವರು ಅನ್ಸತ್ತೆ, ಬಂದ ತಕ್ಷಣ "ಯೊರೊಶಿಕು ಒನೆಗಾಯ್‌ಶಿಮಸ್" ಅಂತ ಚಾಟಲ್ಲಿ ಹಾಕಿದ್ರು, ಅಲ್ಲಿ ಅದು ಪದ್ಧತಿ, ನಮಸ್ಕಾರ ಇಲ್ದೆ ಯಾರೂ ಆಟ ಶುರು ಮಾಡಲ್ಲ, ನನಗೆ ಅದು ತುಂಬಾ ಇಷ್ಟ. ನನ್ ಹೆಸರಿನ ಪಕ್ಕ ಹೊಸಬರಿಗೆ ಇರೋ ಹಸಿರು ಎಲೆ ಗುರುತು ಇತ್ತು, ಅವರಿಬ್ರೂ ನನ್ ಹಿಂದೆ ಬಂದು ನಿಂತ್ರು. ಯಾರೂ ಮುಂದೆ ಹೋಗ್ಲಿಲ್ಲ. ಆರ್ಚರ್ ಆಗಿದ್ದಾಗ ನನ್ ಮುಂದೆ ಯಾವಾಗ್ಲೂ ಯಾರದೋ ಬೆನ್ನು ಕಾಣ್ತಿತ್ತು, ಈಗ ಮುಂದೆ ಖಾಲಿ ದಾರಿ, ಮೂರು ಜನ ನಾನ್ ಓಡ್ಲಿ ಅಂತ ಕಾಯ್ತಿದ್ದಾರೆ. ಎದೆ ಜೋರಾಗಿ ಹೊಡ್ಕೋತಿತ್ತು, ನಿಜ.

"ಟೊಮಹಾಕ್ ಬಿಸಾಡು, ಓಡು, ನಿಂತ್ಕೊಂಡ್ ಮೇಲೆ ರಾಂಪಾರ್ಟ್" ಅಂತ ಅಕ್ಕ ಕಾಲ್‌ನಲ್ಲಿ. ಟೊಮಹಾಕ್ ಅಂದ್ರೆ ದೂರದಿಂದ ಕೊಡಲಿ ಎಸೆಯೋ ಏಟು.

ರಾಂಪಾರ್ಟ್ ಅಂದ್ರೆ 20 ಸೆಕೆಂಡ್ ನಮ್ ಮೇಲೆ ಬೀಳೋ ಏಟನ್ನ ಶೇಕಡಾ 20ರಷ್ಟು ಕಮ್ಮಿ ಮಾಡೋದು, ಆಮೇಲೆ ಮತ್ತೆ ಸಿಗೋಕೆ ಒಂದೂವರೆ ನಿಮಿಷ. ವೆಂಜೆನ್ಸ್ ಶೇಕಡಾ 30, ಎರಡು ನಿಮಿಷಕ್ಕೊಂದ್ಸಲ. ಥ್ರಿಲ್ ಆಫ್ ಬ್ಯಾಟಲ್ ಹಾಕಿದ್ರೆ ಸ್ವಲ್ಪ ಹೊತ್ತು ಎಚ್‌ಪಿನೇ, ಅಂದ್ರೆ ನಮ್ ಜೀವದ ಅಳತೆನೇ, ದೊಡ್ಡದಾಗತ್ತೆ. ರಿಪ್ರೈಸಲ್ ಸುತ್ತ ಇರೋ ಶತ್ರುಗಳ ಕೈ ಸೋಲೋ ಹಾಗ್ ಮಾಡತ್ತೆ, ಆರ್ಮ್ಸ್ ಲೆಂಗ್ತ್ ಹಾಕಿದ್ರೆ ನಮ್ಮನ್ನ ಹೊಡೆದೋರೇ ನಿಧಾನ ಆಗ್ತಾರೆ. ಇವೆಲ್ಲಾ ಒಂದೇ ಸಲ ಒತ್ಬಿಟ್ರೆ ಮೊದಲ ಹತ್ತು ಸೆಕೆಂಡ್ ಏನೂ ಆಗಲ್ಲ, ಆಮೇಲೆ ಕೈಯಲ್ಲಿ ಏನೂ ಇರಲ್ಲ, ಹೀಲರ್ ಒಬ್ಳೇ ಒದ್ದಾಡ್ಬೇಕು. ಒಂದು ಮುಗಿಯೋ ಹೊತ್ತಿಗೆ ಇನ್ನೊಂದು, ಹಾಗೆ. ಶತ್ರುಗಳು ಜಾಸ್ತಿ ಬದುಕಿರೋ ಶುರುವಿನಲ್ಲೇ ಏಟು ಜಾಸ್ತಿ, ಅದಕ್ಕೇ ದೊಡ್ಡದು ಮೊದ್ಲು, ಸಾಯ್ತಾ ಬಂದ ಹಾಗೆ ಚಿಕ್ಕದು. ಇದನ್ನ ಅಕ್ಕ ಹೇಳಿದ್ಲು ಅನ್ನೋದಕ್ಕಿಂತ ಅವಳ ಎಂಪಿ, ಅಂದ್ರೆ ಮಂತ್ರಕ್ಕೆ ಖರ್ಚಾಗೋ ಶಕ್ತಿ, ಅದರ ಪಟ್ಟಿ ನೋಡ್ತಾ ನೋಡ್ತಾ ನನಗೇ ಕಂಡಿದ್ದು. ನಾನು ಸರಿಯಾಗಿ ಒತ್ತಿದಾಗ ಅವಳ ಎಂಪಿ ಹಾಗೇ ಇರ್ತಿತ್ತು, ಅವಳು ಹೀಲ್ ಬಿಟ್ಟು ತನ್ನ ದಾಳಿ ಮಂತ್ರದಿಂದ ಶತ್ರುಗಳಿಗೆ ಕಲ್ಲು ಹೊಡೀತಾ ಇರ್ತಿದ್ಲು, ವೈಟ್ ಮೇಜ್ ಕಲ್ಲು ಹೊಡೀತಿದಾಳೆ ಅಂದ್ರೆ ಟ್ಯಾಂಕ್ ಕೆಲಸ ನಡೀತಿದೆ ಅಂತ.

ಸ್ವಲ್ಪ ಮುಂದೆ ಹೋದ್ಮೇಲೆ ಒಂದು ಗುಂಪಿನ ಬದಲು ಎರಡು ಗುಂಪು ಒಟ್ಟಿಗೆ ಎಳಿ ಅಂದ್ಲು. ಮದುವೆ ಮನೇಲಿ ಪಂಕ್ತಿ ಬಡಿಸೋವಾಗ ಮುಂದೆ ಅನ್ನ ತಗೊಂಡ್ ಹೋಗೋರು ಓಡಿದ್ರೆ ಹಿಂದೆ ಸಾರಿನೋರು ಸಿಕ್ಕಾಕೋತಾರೆ, ತೀರಾ ನಿಧಾನ ಮಾಡಿದ್ರೆ ಎಲೆ ಮುಂದೆ ಕೂತೋರು ಕಾಯ್ತಾರೆ, ಟ್ಯಾಂಕ್ ಓಟಾನೂ ಹಾಗೇ. ಡ್ರಗೂನ್‌ಗೆ ಬೇಗ ಬೇಗ ಗುಂಪಾಗಿ ಸಿಕ್ಕಿದ್ರೆ ಖುಷಿ, ಬ್ಲ್ಯಾಕ್ ಮೇಜ್ ಮಂತ್ರ ಹೇಳೋಕೆ ನಿಂತ್ಕೋಬೇಕು, ನಾನು ಕುಣೀತಾ ಇದ್ರೆ ಪಾಪ ಅವರ ಮಂತ್ರ ಅರ್ಧಕ್ಕೇ ನಿಲ್ಲತ್ತೆ. ನಾನು ಎಲ್ಲಿ ನಿಲ್ತೀನಿ ಅನ್ನೋದ್ರ ಮೇಲೆ ಮೂರು ಜನರ ಆಟ ನಿಂತಿದೆ. ದೂರದಿಂದ ಹೊಡೆಯೋ ಶತ್ರುಗಳಿದ್ರೆ ಗೋಡೆ ಮೂಲೆ ಆಚೆಗೆ ಹೋಗಿ ನಿಂತ್ಕೊಂಡ್ರೆ ಸಾಕು, ನಾನ್ ಕಾಣಲ್ಲ ಅಂತ ಅವೇ ನಡ್ಕೊಂಡ್ ಹತ್ರ ಬರ್ತವೆ, ಎಲ್ಲಾ ಒಂದೇ ಕಡೆ ಗುಡ್ಡೆ ಆಗ್ತವೆ. ಇದು ಗೊತ್ತಾದಾಗ ಆದ ಖುಷಿ ಬಾಣದಲ್ಲಿ ಯಾವತ್ತೂ ಆಗಿರ್ಲಿಲ್ಲ.

ಅಲ್ಲೇ ಒಂದು ಮರಿ ಡ್ರ್ಯಾಗನ್ ನನ್ ಕೊಡಲಿ ತಾಗೋಕ್ ಮುಂಚೆ ಅಕ್ಕನ ಹೀಲ್‌ಗೆ ಸಿಟ್ಟಾಗಿ ಅವಳ ಕಡೆ ತಿರುಗ್ತು. ಪಟ್ಟಿಯಲ್ಲಿ ಒಂದು ಹೆಸರು ಹಳದಿ. ಅಕ್ಕ ಏನ್ ಮಾಡಿದ್ಲು ಗೊತ್ತಾ, ದೂರ ಓಡ್ಲಿಲ್ಲ, ನನ್ ಕಡೆಗೇ ಓಡಿ ಬಂದ್ಲು, ಡ್ರ್ಯಾಗನ್ನೂ ಅವಳ ಹಿಂದೆ ಬಂದು ನನ್ ಕೊಡಲಿ ಬೀಸೋ ಜಾಗಕ್ಕೇ ಬಿತ್ತು. ಶತ್ರುನ ನನ್ ಕಡೆ ತಿರುಗಿಸೋ ಪ್ರವೋಕ್ ಒತ್ತೋದೂ ಬೇಕಾಗ್ಲಿಲ್ಲ. ಶತ್ರು ಬೆನ್ನು ಹತ್ತಿದಾಗ ಟ್ಯಾಂಕ್ ಇಂದ ದೂರ ಓಡೋರೇ ಜಾಸ್ತಿ, ಭಯಕ್ಕೆ ಕಾಲು ಹಾಗೇ ಹೋಗತ್ತೆ, ಆದ್ರೆ ನಂಬಿಕೆ ಇರೋ ಹೀಲರ್ ಟ್ಯಾಂಕ್ ಹತ್ರ ಬರ್ತಾರೆ. ಅವಳು ಬಂದು ಪಕ್ಕದಲ್ಲಿ ನಿಂತಳಲ್ಲ, ಕಾಲ್‌ನಲ್ಲಿ ಇಬ್ರೂ ಏನೂ ಮಾತಾಡ್ಲಿಲ್ಲ ಆಗ, ಆದ್ರೂ ಆ ಡಂಜನ್‌ನಲ್ಲಿ ನನಗೆ ಅತಿ ಹೆಚ್ಚು ನೆನಪಿರೋದು ಅದೇ.

ಮೊದಲನೇ ಬಾಸ್ ಚುಡೋ ಯೂಡೋ, ದೊಡ್ಡ ಡ್ರ್ಯಾಗನ್, ಮುಂದೆ ಬೆಂಕಿ ಉಗುಳತ್ತೆ. ಅದು ನನ್ ಕಡೆ ತಿರುಗಿರೋದ್ರಿಂದ ನಾನ್ ಎಲ್ಲಿ ನಿಲ್ತೀನೋ ಬೆಂಕಿ ಅಲ್ಲಿಗೆ, ಹಾಗಾಗಿ ಉಳಿದೋರಿಗೆ ಬೆನ್ನು ಮಾಡಿಸಿ ಅದನ್ನ ಆಚೆ ಮುಖ ತಿರುಗಿಸಿ ಹಿಡ್ಕೋಬೇಕು. ಓಡಿ ಅದರ ಪಕ್ಕದಿಂದ ದಾಟಿ ಗೋಡೆ ಕಡೆ ಹೋಗಿ ನಿಂತೆ, ಅದು ತಿರುಗ್ತು, ಮೂರು ಜನ ಅದರ ಬಾಲದ ಕಡೆ. ಆಮೇಲೆ ಅಲ್ಲಾಡ್ಬಾರ್ದು. ಈ ಅಭ್ಯಾಸ ಈಗಿಂದ್ಲೇ ಇರ್ಬೇಕು, ಯಾಕಂದ್ರೆ ಲೆವೆಲ್ 50ರಿಂದ ಡ್ರಗೂನ್‌ಗೆ ಸಿಗೋ ಕೆಲವು ಏಟುಗಳು ಹಿಂದಿನಿಂದಲೋ ಪಕ್ಕದಿಂದಲೋ ಬಿದ್ರೆ ಮಾತ್ರ ಪೂರ್ತಿ ಬಲ, ಬಾಸ್ ಕಾಲ ಕೆಳಗೆ ಇರೋ ವೃತ್ತದಲ್ಲಿ ಹಿಂಭಾಗ ಯಾವುದು ಅಂತ ಗುರುತು ಇರತ್ತೆ, ನಾನು ಬಾಸ್‌ನ ಗಿರಗಿರ ತಿರುಗಿಸಿದ್ರೆ ಅವರು ಅದರ ಸುತ್ತ ಓಡ್ತಾನೇ ಇರ್ಬೇಕು. ಟ್ಯಾಂಕ್‌ಗೆ ಕಾಣೋದು ಬಾಸ್‌ನ ಮುಖ ಮಾತ್ರ, ಜೊತೆಯವರು ಅದರ ಮೈ ಹಿಂದೆ ಮುಚ್ಚಿ ಹೋಗಿರ್ತಾರೆ, ಆದ್ರೂ ಅವರು ಎಲ್ಲೆಲ್ಲಿ ನಿಂತಿರಬಹುದು ಅಂತ ಮನಸ್ಸಲ್ಲಿ ಇಟ್ಕೊಂಡೇ ಇರ್ಬೇಕು.

ಇನ್ನೊಂದು ಇಲ್ಲಿ ಕೂತು ಆಡೋರಿಗೆ ಬೇಕಾದ ಮಾತು. ಸರ್ವರ್ ಜಪಾನಲ್ಲಿ, ನಾವ್ ಮೈಸೂರಲ್ಲಿ, ಪಿಂಗ್ ಜಾಸ್ತಿ, ಅಂದ್ರೆ ಒತ್ತಿದ್ದು ಸರ್ವರ್‌ಗೆ ಮುಟ್ಟೋದು ತಡ. ಈ ಗೇಮ್‌ನಲ್ಲಿ ಏಟು ಬಿತ್ತಾ ಇಲ್ವಾ ಅನ್ನೋದು ಬೆಂಕಿ ಕಾಣಿಸಿದಾಗ ಅಲ್ಲ, ಬಾಸ್ ಏಟಿಗೆ ತಯಾರಾಗೋದನ್ನ ತೋರಿಸೋ ಕ್ಯಾಸ್ಟ್ ಪಟ್ಟಿ ತುಂಬಿದ ಕ್ಷಣಕ್ಕೇ ತೀರ್ಮಾನ ಆಗಿರತ್ತೆ. ಹಾಗಾಗಿ ಬೆಂಕಿ ನೋಡ್ಬೇಡಿ, ಪಟ್ಟಿ ನೋಡಿ, ಮುಕ್ಕಾಲು ತುಂಬೋ ಹೊತ್ತಿಗೆ ಕಾಲು ಹೊರಗಿರಲಿ. ರಾಂಪಾರ್ಟ್ ಥರದ ಕೂಲ್‌ಡೌನೂ ಅಷ್ಟೇ, ಏಟು ಬಿದ್ದ ಮೇಲೆ ಒತ್ತಿದ್ರೆ ಪ್ರಯೋಜನ ಇಲ್ಲ, ಒಂದು ಕ್ಷಣ ಮೊದಲೇ ಒತ್ತಿರಬೇಕು. ನಾವ್ ಹೊಡೆಯೋ ಒಂದೊಂದು ಮುಖ್ಯ ಏಟಿನ ಮಧ್ಯೆ ಎರಡೂವರೆ ಸೆಕೆಂಡ್ ಇರತ್ತೆ, ಅದರ ನಡುವೆ ಕೂಲ್‌ಡೌನ್ ತೂರಿಸ್ಬೇಕು, ಕಮ್ಮಿ ಪಿಂಗ್ ಇರೋರು ಎರಡು ತೂರಿಸ್ತಾರೆ, ನಾನು ಒಂದೇ ಅಂತ ಲೆಕ್ಕ ಇಟ್ಕೊಂಡಿದೀನಿ, ಅದರಿಂದ ಏನೂ ತೊಂದ್ರೆ ಆಗಿಲ್ಲ.

ಕೊನೇ ಬಾಸ್ ಇಸ್ಗೆಬಿಂಡ್, ಇದು ಹಿಮ ಉಗುಳೋ ಡ್ರ್ಯಾಗನ್, ಅಲ್ಲೂ ಅದೇ ಕೆಲಸ, ಮುಖ ಆಚೆ, ಬೆನ್ನು ಈಚೆ. ಸತ್ತು ಬಿತ್ತು. "ಒತ್ಸುಕರೆಸಮಾ ದೆಶಿತಾ", ಅಂದ್ರೆ ಕೆಲಸ ಮುಗೀತು, ಶ್ರಮಕ್ಕೆ ಥ್ಯಾಂಕ್ಸ್ ಅಂತ ಇಬ್ರೂ ಹಾಕಿದ್ರು, ನಾನೂ ಹಾಕಿದೆ, ಹೊರಗೆ ಬಂದ್ಮೇಲೆ ಕಮೆಂಡೇಷನ್, ಅಂದ್ರೆ ಮೆಚ್ಚುಗೆ, ಬಂದಿದೆ ಅಂತ ಮೆಸೇಜ್. ಡಂಜನ್ ಮುಗಿದ ಮೇಲೆ ಪ್ರತಿಯೊಬ್ರೂ ಒಬ್ಬರಿಗೆ ಅದನ್ನ ಕೊಡಬಹುದು, ಜೊತೆಯಲ್ಲೇ ಪಾರ್ಟಿ ಕಟ್ಕೊಂಡ್ ಬಂದೋರಿಗೆ ಕೊಡೋಕಾಗಲ್ಲ, ಅಂದ್ರೆ ಅಕ್ಕ ಕೊಟ್ಟಿದ್ದಲ್ಲ ಅದು, ಭಾಷೆ ಬರದ, ಮುಖ ನೋಡಿರದ ಯಾರೋ ಕೊಟ್ಟಿದ್ದು. ಅಕ್ಕನಿಗೆ ಹೇಳಿದೆ. "ಕೊಡ್ದೆ ಇರ್ತಾರಾ, ಬಾಸ್‌ನ ಒಂದ್ ಇಂಚೂ ಅಲ್ಲಾಡ್ಸಿಲ್ಲ ನೀನು, ಆ ಡ್ರಗೂನ್‌ಗೆ ಹಬ್ಬ ಆಗಿರತ್ತೆ" ಅಂದ್ಲು.

ಟ್ಯಾಂಕ್ ಆಡೋಕೆ ಜನ ಹೆದರೋದು ಯಾಕೆ ಅಂತ ಆಮೇಲೆ ನಾವಿಬ್ರೂ ತುಂಬಾ ಹೊತ್ತು ಮಾತಾಡಿದ್ವಿ. ತಪ್ಪಾದ್ರೆ ಎಲ್ರಿಗೂ ಕಾಣತ್ತೆ ಅನ್ನೋದೇ ಕಾರಣ, ಇಬ್ರು ಡಿಪಿಎಸ್‌ನಲ್ಲಿ ಒಬ್ರು ಬಿದ್ರೂ ಆಟ ನಡೀತದೆ, ಟ್ಯಾಂಕ್ ಬಿದ್ರೆ ಒಂದೇ ಕ್ಷಣದಲ್ಲಿ ಎಲ್ಲಾ ಶತ್ರುಗಳೂ ಹೀಲರ್ ಮೇಲೆ. ಟ್ಯಾಂಕ್, ಹೀಲರ್, ಡಿಪಿಎಸ್ ಅನ್ನೋ ಈ ಮೂರು ಪಾಲಿನ ವ್ಯವಸ್ಥೆ 1999ರ ಎವರ್‌ಕ್ವೆಸ್ಟ್, 2004ರ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಕಾಲದಿಂದ ಗಟ್ಟಿಯಾಗಿ ಬಂದಿರೋದು, ಆ ಭಯಾನೂ ಅಷ್ಟೇ ಹಳೇದು ಇರ್ಬೇಕು. ಆದ್ರೆ ನನ್ ಅನುಭವದಲ್ಲಿ ಹೇಳೋದಾದ್ರೆ, ಭಯ ಕಮ್ಮಿ ಮಾಡಿದ್ದು ನನ್ ಎಚ್‌ಪಿ ಅಲ್ಲ, ಗೇರೂ ಅಲ್ಲ, ನನ್ನನ್ನ ನೋಡ್ಕೊಳ್ಳೋದು ಬಿಟ್ಟು ಉಳಿದ ಮೂರು ಜನರನ್ನ ನೋಡೋಕೆ ಶುರು ಮಾಡಿದ್ದು. ಅವಳ ಎಂಪಿ ಎಷ್ಟಿದೆ, ಮೇಜ್ ನಿಂತಿದಾರಾ, ಡ್ರಗೂನ್‌ಗೆ ಬೆನ್ನು ಸಿಕ್ತಾ, ಇಷ್ಟು ನೋಡೋಷ್ಟ್ರಲ್ಲಿ ಹೆದರೋಕೆ ಪುರುಸೊತ್ತೇ ಇರಲ್ಲ.

ಈಗ್ಲೂ ಬಾಣದ ಆಟ ಕೈಬಿಟ್ಟಿಲ್ಲ, ವಾರದಲ್ಲಿ ಒಂದೆರಡು ಸಲ ಬಾರ್ಡ್, ಅಂದ್ರೆ ಆರ್ಚರ್‌ನ ಮುಂದಿನ ಜಾಬ್, ಆಗಿ ಹೋಗ್ತೀನಿ. ಮುಂದೆ ಇರೋ ಟ್ಯಾಂಕ್ ಹೆಸರಿನ ಪಕ್ಕ ಹಸಿರು ಎಲೆ ಇದ್ರೆ ನಾನು ಅವರಿಗಿಂತ ಒಂದ್ ಹೆಜ್ಜೆ ಹಿಂದೇನೇ ಓಡ್ತೀನಿ, ಯಾವ ಶತ್ರುನೂ ನಾನಾಗಿ ಎಬ್ಬಿಸಲ್ಲ, ಅವರು ಒಂದು ಗುಂಪು ಎಳೆದ್ರೆ ಒಂದು, ಎರಡು ಎಳೆದ್ರೆ ಎರಡು, ನನ್ ಹಿಂದೆ ಏನಾದ್ರೂ ಬಿದ್ರೆ ಸೀದಾ ಅವರ ಕಾಲ ಹತ್ರ ತಗೊಂಡ್ ಹೋಗ್ತೀನಿ. ಮುಗಿದ ಮೇಲೆ ನನ್ ಕಮೆಂಡೇಷನ್ ಅವರಿಗೇ. ಅಕ್ಕ ಈಗ ಎಂಟು ಜನದ ಟ್ರಯಲ್‌ಗೆ, ಅಂದ್ರೆ ದೊಡ್ಡ ಬಾಸ್ ಜೊತೆ ಕಾಳಗಕ್ಕೆ, ಹೋಗೋಣ ಅಂತಿದಾಳೆ, ಅಲ್ಲಿ ಇಬ್ರು ಟ್ಯಾಂಕ್, ಒಬ್ರ ಮೇಲಿರೋ ಬಾಸ್‌ನ ಇನ್ನೊಬ್ರು ಪ್ರವೋಕ್ ಒತ್ತಿ ತಗೋಬೇಕು, ಮೊದಲಿದ್ದೋರು ಶರ್ಕ್ ಒತ್ತಿ ತಮ್ಮ ದ್ವೇಷದ ಪಾಲು ಅವರಿಗೆ ದಾಟಿಸ್ಬೇಕು. ಆ ಇನ್ನೊಬ್ಬ ಟ್ಯಾಂಕ್ ಯಾರು ಬರ್ತಾರೋ ಗೊತ್ತಿಲ್ಲ, ಬರೋ ಶನಿವಾರ ಕ್ಯೂ ಹಾಕಿ ನೋಡ್ಬೇಕು.